ತನ್ನ ಹೃದಯಕ್ಕೆ ತಾನೇ ನಳಿಕೆ ಇಳಿಸಿಕೊಂಡ ವೈದ್ಯ

ಎದೆನೋವು ಅಂತ ಒಬ್ಬ ಮನುಷ್ಯ ಕುಸಿದು ಕೂತರೆ, ನಮ್ಮ ರಾಯದುರ್ಗ, ಮಡಕಶಿರಾ, ಆದವಾನಿ ಕಡೆಯ ಹಳ್ಳಿಗಳಲ್ಲಿ ಈಗ ಆಂಜಿಯೋಗ್ರಾಂ ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಕನ್ನಡದಲ್ಲೂ ಅದೇ, ತೆಲುಗಿನಲ್ಲೂ ಅದೇ. ಬೆಂಗಳೂರಿನ ಜಯದೇವಕ್ಕೋ, ಪುಟ್ಟಪರ್ತಿಯ ದೊಡ್ಡಾಸ್ಪತ್ರೆಗೋ ಕರಕೊಂಡು ಹೋಗುತ್ತಾರೆ. ಮಣಿಕಟ್ಟಿನಲ್ಲೋ ತೊಡೆಯ ಸಂದಿನಲ್ಲೋ ಸಣ್ಣ ತೂತು ಮಾಡಿ, ಅದರೊಳಗಿಂದ ಒಂದು ತೆಳು ನಳಿಕೆಯನ್ನು ಹೃದಯದ ತನಕ ಸರಿಸಿ, ಎಕ್ಸ್‌ರೇಯಲ್ಲಿ ಎದ್ದು ಕಾಣುವಂಥ ಔಷಧಿ ಬಿಟ್ಟು, ರಕ್ತ ಎಲ್ಲಿ ಹರೀತದೆ, ಎಲ್ಲಿ ಕಟ್ಟಿಕೊಂಡದೆ ಅಂತ ಪರದೆಯ ಮೇಲೆ ನೋಡುತ್ತಾರೆ. ರೋಗಿ ಎಚ್ಚರವಾಗೇ ಇರುತ್ತಾನೆ. ಅವನೂ ಕತ್ತು ತಿರುಗಿಸಿ ತನ್ನ ಹೃದಯವನ್ನು ತಾನೇ ನೋಡಬಹುದು.

ಹೃದಯವನ್ನು ಹೀಗೆ ಎಚ್ಚರವಿದ್ದೇ ಪರದೆಯ ಮೇಲೆ ನೋಡಿಕೊಂಡ ಮೊದಲ ಮನುಷ್ಯ ರೋಗಿಯಲ್ಲ, ವೈದ್ಯ. ಜರ್ಮನಿಯ ವರ್ನರ್ ಫೋರ್ಸ್‌ಮನ್. ಆತ ಅದನ್ನು ಬರೆದು ಪ್ರಕಟಿಸಿದ್ದು 1929ರಲ್ಲಿ. ಮೂರು ಪುಟದ ಲೇಖನ, ಜೊತೆಗೆ ಎಕ್ಸ್‌ರೇ ಚಿತ್ರ, ಅಷ್ಟೆ. ಒಂದು ವೈದ್ಯಕೀಯ ಬರಹದ ತೂಕ ಎಷ್ಟು ಅಂತ ಅಳೆಯುವವರು, ಮುಂದೆ ಎಷ್ಟು ಮಂದಿ ಸಂಶೋಧಕರು ತಮ್ಮ ಬರಹಗಳಲ್ಲಿ ಅದನ್ನು ಹೆಸರಿಸಿದರು ಎಂದು ಎಣಿಸುತ್ತಾರೆ. ಆ ಎಣಿಕೆ ಹಿಡಿದು 1930ರ ಸುಮಾರಿಗೆ ಯಾರಾದರೂ ತೂಗಿದ್ದರೆ ಈ ಮೂರು ಪುಟ ತಟ್ಟೆಯಲ್ಲಿ ಏಳುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಬರೆದವನಿಗೆ ಅದರಿಂದ ಸಿಕ್ಕಿದ್ದು ಕೆಲಸದಿಂದ ಬಿಡುಗಡೆ. ನೊಬೆಲ್ ಬಹುಮಾನ ಬಂದದ್ದು 27 ವರ್ಷ ಆದ ಮೇಲೆ, ಆತ ಹೃದಯದ ತಂಟೆಯೇ ಬೇಡ ಅಂತ ಮೂತ್ರಕೋಶದ ಡಾಕ್ಟರಾಗಿ ಒಂದು ಸಣ್ಣ ಊರಲ್ಲಿ ಕೂತಿದ್ದಾಗ.

ಫೋರ್ಸ್‌ಮನ್ ಹುಟ್ಟಿದ್ದು 1904ರ ಆಗಸ್ಟ್ 29ರಂದು, ಬರ್ಲಿನ್ ಪಟ್ಟಣದಲ್ಲಿ. ತಂದೆ ವಕೀಲರು. ಮೊದಲನೇ ಮಹಾಯುದ್ಧಕ್ಕೆ ಹೋದವರು 1916ರಲ್ಲಿ ಅಲ್ಲೇ ತೀರಿಕೊಂಡರು. ಹುಡುಗನಿಗೆ ಆಗ ಹನ್ನೆರಡರ ಆಸುಪಾಸು, ಒಬ್ಬನೇ ಮಗ. ತಾಯಿ ಮತ್ತು ಅಜ್ಜಿ ಸೇರಿ ಬೆಳೆಸಿದರು. 1922ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯಕ್ಕೆ ವೈದ್ಯಕೀಯ ಓದಲು ಸೇರಿದ. ಅಲ್ಲಿ ಆತನಿಗೆ ಕಲಿಸಿದವರಲ್ಲಿ ಗೇಯಾರ್ಗ್ ಕ್ಲೆಂಪೆರರ್ ಎಂಬ ಯಹೂದಿ ಪ್ರಾಧ್ಯಾಪಕರೊಬ್ಬರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಓದು ಮುಗಿಸಿ 1929ರಲ್ಲಿ ಶಸ್ತ್ರಚಿಕಿತ್ಸೆ ಕಲಿಯಲು ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಗೆ ಸೇರಿಕೊಂಡ. ಬರ್ಲಿನ್ನಿಂದ ಸುಮಾರು 50 ಕಿಲೋಮೀಟರ್ ದೂರದ ಊರು. ನಮ್ಮ ತಾಲ್ಲೂಕು ಆಸ್ಪತ್ರೆ ಇದ್ದಂತೆ ಅನ್ನಿ.

ಓದುವ ದಿನಗಳಲ್ಲಿ ಆತ ಪುಸ್ತಕದಲ್ಲಿ ಒಂದು ಹಳೇ ಚಿತ್ರ ನೋಡಿದ್ದ. ಷೋವೊ ಮತ್ತು ಮರೇ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು 1860ರ ದಶಕದಲ್ಲಿ ಮಾಡಿದ ಪ್ರಯೋಗದ ಚಿತ್ರ ಅದು. ಒಂದು ಕುದುರೆ ನಿಂತಿದೆ. ಅದರ ಕುತ್ತಿಗೆಯ ನರದಿಂದ ಒಂದು ಕೊಳವೆಯನ್ನು ಹೃದಯದ ಒಳಗೆ ಇಳಿಸಿ ರಕ್ತದ ಒತ್ತಡವನ್ನು ಅಳೀತಿದ್ದಾರೆ. ಕುದುರೆ ಸುಮ್ಮನೆ ನಿಂತೇ ಇದೆ. ಹಾಲುಜ್ವರ ಬಂದ ಹಸುವಿಗೆ ಪಶುವೈದ್ಯರು ಕುತ್ತಿಗೆಯ ನರಕ್ಕೆ ಕ್ಯಾಲ್ಸಿಯಂ ಏರಿಸುವುದನ್ನು ಕಂಡಿರುವ ನಮಗೆ ಅದು ಅಂಥ ಬೆರಗಲ್ಲ. ಆದರೆ ಫೋರ್ಸ್‌ಮನ್ ತಲೆಯಲ್ಲಿ ಒಂದು ಪ್ರಶ್ನೆ ಕೂತುಬಿಟ್ಟಿತು. ಕುದುರೆಗೆ ಆಗುವುದು ಮನುಷ್ಯನಿಗೆ ಯಾಕಾಗಬಾರದು?

ಆ ಕಾಲದಲ್ಲಿ ಹೃದಯ ಎಂದರೆ ವೈದ್ಯರಿಗೂ ಮುಟ್ಟಬಾರದ ಜಾಗ. ಹೃದಯ ನಿಲ್ಲುವ ಹೊತ್ತಿಗೆ ಎದೆಯ ಮೇಲಿಂದಲೇ ಉದ್ದ ಸೂಜಿ ಚುಚ್ಚಿ ನೇರ ಹೃದಯಕ್ಕೆ ಔಷಧಿ ಕೊಡುವುದು ಒಂದು ಪದ್ಧತಿ. ಸೂಜಿ ಸ್ವಲ್ಪ ಆಚೀಚೆ ಆದರೂ ಹೃದಯದ ಮೇಲಿನ ರಕ್ತನಾಳ ಹರಿದು, ಒಳಗೇ ರಕ್ತ ತುಂಬಿ ರೋಗಿ ಹೋಗುತ್ತಿದ್ದ. ಎದೆ ಚುಚ್ಚುವ ಬದಲು ತೋಳಿನ ನರದ ದಾರಿಯಲ್ಲೇ ಹೋದರೆ? ರಕ್ತ ಹೇಗಿದ್ದರೂ ಹೃದಯಕ್ಕೇ ಹೋಗುತ್ತದಲ್ಲ, ನಳಿಕೆಯೂ ಅದರ ಹಿಂದೆಯೇ ಹೋಗಲಿ. ಇಷ್ಟೇ ಆತನ ತರ್ಕ. ನಮ್ಮಂಥವರಿಗೂ ತಿಳಿಯುವಷ್ಟು ಸರಳ.

ಆಸ್ಪತ್ರೆಯ ಮುಖ್ಯಸ್ಥ ರಿಚರ್ಡ್ ಷ್ನೈಡರ್ ಫೋರ್ಸ್‌ಮನ್ ಮನೆತನಕ್ಕೆ ಬೇಕಾದವರು. ಹುಡುಗ ಹೇಳಿದ್ದನ್ನೆಲ್ಲ ಕೇಳಿ, ರೋಗಿಯ ಮೇಲೂ ಬೇಡ, ನಿನ್ನ ಮೇಲಂತೂ ಬೇಡವೇ ಬೇಡ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಗಂಡನನ್ನು ಯುದ್ಧದಲ್ಲಿ ಕಳಕೊಂಡ ತಾಯಿಗೆ ಇದ್ದವನು ಇವನೊಬ್ಬ. ಯಾವ ಹಿರಿಯರಾದರೂ ಹಾಗೇ ಹೇಳುತ್ತಿದ್ದರು.

ಹುಡುಗ ಕೇಳಲಿಲ್ಲ. ಮೊದಲು ಪೀಟರ್ ರೋಮೈಸ್ ಎಂಬ ಜೊತೆಯ ವೈದ್ಯನನ್ನು ಒಪ್ಪಿಸಿ ತನ್ನ ತೋಳಿನೊಳಗೆ ನಳಿಕೆ ಹಾಕಿಸಿಕೊಂಡ. 35 ಸೆಂಟಿಮೀಟರ್ ಒಳಗೆ ಹೋಗುವಷ್ಟರಲ್ಲಿ ಗೆಳೆಯನಿಗೆ ಭಯ ಹತ್ತಿತು, ಸಾಕು ಅಂತ ಹೊರಗೆ ಎಳೆದುಬಿಟ್ಟ. ಒಂದು ವಾರ ಕಳೆದು ಫೋರ್ಸ್‌ಮನ್ ಒಬ್ಬನೇ ಮಾಡಲು ನಿಂತ. ಆದರೆ ಶುದ್ಧ ಮಾಡಿದ ಉಪಕರಣಗಳ ಬೀಗದ ಕೈ ಇದ್ದದ್ದು ಗೆರ್ಡಾ ಡಿಟ್ಜೆನ್ ಎಂಬ ನರ್ಸಮ್ಮನ ಹತ್ತಿರ. ಆಕೆಯನ್ನು ಹೇಗೆ ಒಲಿಸಿಕೊಂಡ, ಮುಂದೆ ಏನಾಯಿತು ಎಂಬುದನ್ನು ಆತ 1972ರ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ವಿಷಯ ಕೇಳಿದ ಆಕೆ ಆ ಪ್ರಯೋಗ ತನ್ನ ಮೇಲೆಯೇ ಆಗಲಿ ಎಂದು ಮುಂದೆ ಬಂದಳಂತೆ. ಈತ ಆಕೆಯನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಿ, ಅಲುಗಾಡಬಾರದು ಅಂತ ಕೈಕಾಲು ಕಟ್ಟಿದ. ಕಟ್ಟಿದ್ದು ಪ್ರಯೋಗಕ್ಕಲ್ಲ, ಅಡ್ಡ ಬರಬಾರದು ಅಂತ! ಆಕೆಯ ತೋಳು ಸಿದ್ಧ ಮಾಡುವವನಂತೆ ನಟಿಸಿ, ಆಕೆಗೆ ಕಾಣದ ಕಡೆ ತಿರುಗಿ ತನ್ನ ಎಡಗೈಯ ಮೊಣಕೈ ಮಡಿಕೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟುಕೊಂಡು, ನರ ಬಿಡಿಸಿ, ನಳಿಕೆ ಒಳಗೆ ಹಾಕಿಕೊಂಡಿದ್ದ. ಆಕೆಗೆ ಗೊತ್ತಾಗಿ ಸಿಟ್ಟಾದಾಗ ಕಟ್ಟು ಬಿಚ್ಚಿ, ಎಕ್ಸ್‌ರೇ ಕೋಣೆಗೆ ಹೇಳಿಕಳಿಸಲು ಕೇಳಿದ. ಮೋಸ ಅಂದರೆ ಮೋಸವೇ. ಈಗಿನ ಕಾಲಕ್ಕೆ ಯಾವ ಆಸ್ಪತ್ರೆಯ ಸಮಿತಿಯೂ ಇದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು.

ಆ ನಳಿಕೆ ಹೃದಯಕ್ಕೆಂದು ಮಾಡಿದ್ದಲ್ಲ, ಮೂತ್ರನಾಳಕ್ಕೆ ಬಳಸುವಂಥದ್ದು. ದಪ್ಪ ಒಂದೂಕಾಲು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಎಣ್ಣೆ ಸವರಿ ಜಾರುವಂತೆ ಮಾಡಿಕೊಂಡಿದ್ದ. ತೋಳಿನಿಂದ ನಳಿಕೆ ನೇತಾಡುತ್ತಿರುವಾಗಲೇ ಮೆಟ್ಟಿಲಿಳಿದು ನೆಲಮಾಳಿಗೆಯ ಎಕ್ಸ್‌ರೇ ಕೋಣೆಗೆ ನಡೆದುಕೊಂಡು ಹೋದ. ಸುದ್ದಿ ತಿಳಿದು ಓಡಿಬಂದ ರೋಮೈಸ್ ಅದನ್ನು ಎಳೆದು ಹಾಕಲು ನೋಡಿದಾಗ, ಅವನ ಕಾಲಿಗೆ ಒದ್ದು ಹಿಂದಕ್ಕೆ ಸರಿಸಿದನಂತೆ. ಎದುರಿಗೆ ಕನ್ನಡಿ ಹಿಡಿಸಿಕೊಂಡು, ಕನ್ನಡಿಯಲ್ಲಿ ಎಕ್ಸ್‌ರೇ ಪರದೆಯ ಬಿಂಬ ನೋಡುತ್ತಾ ನಳಿಕೆಯನ್ನು ಮುಂದೆ ಮುಂದೆ ತಳ್ಳಿದ. 65 ಸೆಂಟಿಮೀಟರ್ ಹೊತ್ತಿಗೆ ತುದಿ ಹೃದಯದ ಬಲಭಾಗ ಮುಟ್ಟಿತ್ತು. ನಾಳದ ಉದ್ದಕ್ಕೂ ಸ್ವಲ್ಪ ಬೆಚ್ಚನೆ ಅನಿಸಿದ್ದು, ಒಂದಿಷ್ಟು ಕೆಮ್ಮು ಬಂದಂತಾದದ್ದು ಬಿಟ್ಟರೆ ನೋವೇನಿಲ್ಲ. ಅಲ್ಲೇ ಚಿತ್ರ ತೆಗೆಸಿದ. ವಯಸ್ಸು ಆಗಷ್ಟೇ ಇಪ್ಪತ್ತೈದರ ಅಂಚು.

ಷ್ನೈಡರ್ ಮೊದಲು ಬೈದರು. ಆಮೇಲೆ ಚಿತ್ರ ನೋಡಿ ಮೆಚ್ಚಿದರು. ಲೇಖನದಲ್ಲಿ ಮೊದಲು ಶವದ ಮೇಲೆ ಪ್ರಯತ್ನಿಸಿದ್ದನ್ನು ಸೇರಿಸು, ಇಲ್ಲದಿದ್ದರೆ ಹುಚ್ಚ ಅಂದುಕೊಳ್ಳುತ್ತಾರೆ ಎಂಬರ್ಥದ ಬುದ್ಧಿಮಾತನ್ನೂ ಹೇಳಿದರು. ಲೇಖನ 1929ರ ನವೆಂಬರ್ 5ರಂದು ಕ್ಲಿನಿಷೆ ವೊಖೆನ್‌ಶ್ರಿಫ್ಟ್ ಎಂಬ ಜರ್ಮನ್ ವೈದ್ಯಕೀಯ ವಾರಪತ್ರಿಕೆಯಲ್ಲಿ ಬಂತು. ಔಷಧಿ ಕೊಡುವ ಸುರಕ್ಷಿತ ದಾರಿ ಇದು ಎಂಬುದೇ ಅದರ ಮುಖ್ಯ ಮಾತು. ಕೊನೆಯಲ್ಲಿ ಮಾತ್ರ, ಹೃದಯ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲೂ ಈ ದಾರಿ ಉಪಯೋಗಕ್ಕೆ ಬಂದೀತು ಎಂದು ಸೂಚಿಸಿದ್ದ. ಮುಂದೆ ಲೋಕ ಹಿಡಿದುಕೊಂಡದ್ದು ಆ ಕೊನೆಯ ಮಾತನ್ನೇ.

ಬರ್ಲಿನ್ನಿನ ಪತ್ರಿಕೆಗಳು ಇದನ್ನು ಸಂತೆಯ ಸುದ್ದಿಯಂತೆ ಹರಡಿದವು. ಅದರ ಬೆನ್ನಿಗೇ ಒಂದು ತಕರಾರು ಎದ್ದಿತು. ಎರ್ನ್‌ಸ್ಟ್ ಉಂಗರ್ ಎಂಬ ಹಿರಿಯ ಶಸ್ತ್ರವೈದ್ಯರು, ತಾವೂ ಬ್ಲೈಷ್‌ರೋಡರ್ ಎಂಬ ವೈದ್ಯರೂ 1912ರ ಹೊತ್ತಿಗೇ ನಳಿಕೆ ಹಾಕಿ ನೋಡಿದ್ದೆವು, ಈತ ನಮ್ಮ ಹೆಸರೇ ಹೇಳಿಲ್ಲ ಎಂದರು. ಮಾತು ಸುಳ್ಳಲ್ಲ. ಬ್ಲೈಷ್‌ರೋಡರ್ ತಮ್ಮ ಮೈಯೊಳಗೇ ನಳಿಕೆ ಹಾಕಿಸಿಕೊಂಡಿದ್ದರು. ಎದೆಯಲ್ಲಿ ಚುಚ್ಚಿದಂತಾದ ನೋವಿನಿಂದ ಅದು ಹೃದಯ ಮುಟ್ಟಿರಬೇಕು ಎಂಬ ಊಹೆ. ಆದರೆ ಎಕ್ಸ್‌ರೇ ಚಿತ್ರ ತೆಗೆಸಿರಲಿಲ್ಲ, ಹೃದಯ ಮುಟ್ಟಿದ್ದನ್ನು ಬರೆದೂ ಇರಲಿಲ್ಲ. ಫೋರ್ಸ್‌ಮನ್ ಅದೇ ಪತ್ರಿಕೆಯಲ್ಲಿ ಒಂದು ತಿದ್ದುಪಡಿ ಬರೆದು ಅವರ ಹೆಸರನ್ನು ಒಪ್ಪಿಕೊಂಡ.

ಇಲ್ಲಿ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ. ನಮ್ಮ ಕಡೆ ಕೊಳವೆಬಾವಿಯಲ್ಲಿ ಮೋಟಾರು ಸಿಕ್ಕಿಕೊಂಡರೆ ಒಬ್ಬ ಒಂದು ಹೇಳುತ್ತಾನೆ, ಇನ್ನೊಬ್ಬ ಇನ್ನೊಂದು. ಕ್ಯಾಮೆರಾ ಇಳಿಸಿ ಎಷ್ಟನೇ ಅಡಿಯಲ್ಲಿ ಕೇಸಿಂಗ್ ಒಡೆದಿದೆ ಅಂತ ಟೀವಿಯಲ್ಲಿ ತೋರಿಸಿದ ಮೇಲೆ ವಾದ ಮುಗೀತು. ಉಂಗರ್ ಹೇಳಿದ್ದು ಅನುಭವ. ಫೋರ್ಸ್‌ಮನ್ ಇಟ್ಟದ್ದು ಚಿತ್ರ. ಎಕ್ಸ್‌ರೇಯಲ್ಲಿ ತೋಳಿನಿಂದ ಭುಜ, ಭುಜದಿಂದ ಎದೆ, ಎದೆಯಿಂದ ಹೃದಯಕ್ಕೆ ಇಳಿದ ಕಪ್ಪು ದಾರದಂಥ ಗೆರೆಯನ್ನು ಯಾವ ಭಾಷೆಯವನೂ ಓದಬಹುದಿತ್ತು. ಜರ್ಮನ್ ಬಾರದವರಿಗೂ ಆ ಲೇಖನ ಅರ್ಥವಾಗುವಂತಿದ್ದದ್ದು ಅದರಿಂದಲೇ.

ಲೇಖನ ಬರುವ ಹೊತ್ತಿಗೆ ಆತ ಬರ್ಲಿನ್ನಿನ ಹೆಸರಾಂತ ಶಾರಿಟೆ ಆಸ್ಪತ್ರೆಯಲ್ಲಿ ಫರ್ಡಿನಾಂಡ್ ಸಾವರ್‌ಬ್ರುಖ್ ಕೈಕೆಳಗೆ ಸಂಬಳವಿಲ್ಲದ ಕೆಲಸಕ್ಕೆ ಸೇರಿದ್ದ. ಸಾವರ್‌ಬ್ರುಖ್ ಅಂದರೆ ಆಗಿನ ಜರ್ಮನಿಯ ಶಸ್ತ್ರವೈದ್ಯರಲ್ಲಿ ಚಕ್ರವರ್ತಿ. ಇಂಥ ಕಸರತ್ತು ಮಾಡುವವರು ತಮಗೆ ಬೇಡ ಎಂದು ಹೊರಗೆ ಹಾಕಿದರು. ಫೋರ್ಸ್‌ಮನ್ ಮತ್ತೆ ಎಬರ್ಸ್‌ವಾಲ್ಡೆಗೆ ಬಂದ. 1931ರಲ್ಲಿ ಇನ್ನೊಮ್ಮೆ ಶಾರಿಟೆಗೆ ಹೋದ, 1932ರಲ್ಲಿ ಇನ್ನೊಮ್ಮೆ ಹೊರಬಿದ್ದ.

ಈ ನಡುವಿನ ಎರಡು ವರ್ಷ ಆತ ಮಾಡಿದ ಕೆಲಸದ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ, ನನ್ನ ಎಣಿಕೆಯಲ್ಲಿ ಅದು ಮೊದಲಿನದಕ್ಕಿಂತ ದೊಡ್ಡದು. ನಳಿಕೆ ಹೃದಯಕ್ಕೆ ಹೋಯಿತು ಸರಿ, ಆದರೆ ಎಕ್ಸ್‌ರೇಯಲ್ಲಿ ಕಂಡದ್ದು ನಳಿಕೆ ಮಾತ್ರ. ಹೃದಯದ ಒಳಗಿನ ಕೋಣೆ ಕಾಣುವುದಿಲ್ಲ, ರಕ್ತವೂ ಕಾಣುವುದಿಲ್ಲ. ಎಕ್ಸ್‌ರೇ ತಡೆಯುವ ಅಯೋಡಿನ್ ಬೆರೆತ ದ್ರವವನ್ನು ನಳಿಕೆಯ ಮೂಲಕ ಬಿಟ್ಟರೆ ಕೋಣೆಯ ಆಕಾರವೇ ಮೂಡೀತು ಎಂದು ಲೆಕ್ಕ ಹಾಕಿದ. ಮೊಲಗಳ ಮೇಲೆ, ಆಮೇಲೆ ನಾಯಿಗಳ ಮೇಲೆ ಮಾಡಿ ನೋಡಿದ. ನಾಯಿಗಳನ್ನು ಇಟ್ಟುಕೊಳ್ಳಲು ಜಾಗವಿಲ್ಲದೆ ಬರ್ಲಿನ್ನಿನ ತಾಯಿಯ ಮನೆಯಲ್ಲೇ ಸಾಕಿದನಂತೆ. ಮನೆಯಲ್ಲೇ ಮತ್ತು ಬರಿಸಿ, ಚೀಲದಲ್ಲಿಟ್ಟು ಮೋಟಾರ್ ಸೈಕಲ್ ಮೇಲೆ ಆಸ್ಪತ್ರೆಗೆ ಒಯ್ಯುತ್ತಿದ್ದ. ಆ ತಾಯಿಯ ತಾಳ್ಮೆ ಎಂಥದ್ದೋ! ನಾಯಿಗಳ ಹೃದಯದ ಚಿತ್ರ ಬಂತು. ಆಮೇಲೆ ಆ ದ್ರವವನ್ನು ತನ್ನ ಹೃದಯಕ್ಕೇ ಬಿಟ್ಟುಕೊಂಡ. ಆಗಿನ ಯಂತ್ರಗಳ ವೇಗ ಸಾಲದು, ಚಿತ್ರ ಚೆನ್ನಾಗಿ ಮೂಡಲಿಲ್ಲ. ಆದರೂ 1931ರಲ್ಲಿ ಜೀವಂತ ಹೃದಯದ ಬಲಭಾಗವನ್ನೂ ಶ್ವಾಸಕೋಶಕ್ಕೆ ಹೋಗುವ ನಾಳವನ್ನೂ ಹೀಗೆ ತೋರಿಸಬಹುದು ಎಂದು ಬರೆದು ಪ್ರಕಟಿಸಿದ. ಈಗಿನ ಆಂಜಿಯೋಗ್ರಾಂನ ಬೇರು ಇಲ್ಲಿದೆ. ಒಟ್ಟು ಒಂಬತ್ತು ಸಲ ತನ್ನ ಮೈಯ ನರಗಳನ್ನು ಹೀಗೆ ತೂತು ಮಾಡಿಕೊಂಡಿದ್ದ. ಆ ವರ್ಷ ಬರ್ಲಿನ್ನಿನಲ್ಲಿ ನಡೆದ ಜರ್ಮನ್ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಈ ಕುರಿತು ಮಾತಾಡಿದ. ಯಾರೂ ಹೆಚ್ಚು ಕಿವಿಗೊಡಲಿಲ್ಲ.

1932ರಲ್ಲಿ ಮೈಂಟ್ಸ್ ಊರಿನ ಆಸ್ಪತ್ರೆಗೆ ಹೋದ. ಅಲ್ಲಿ ಎಲ್ಸ್‌ಬೆಟ್ ಎಂಗೆಲ್ ಎಂಬ ವೈದ್ಯೆಯ ಪರಿಚಯವಾಗಿ 1933ರಲ್ಲಿ ಮದುವೆಯಾಯಿತು. ಗಂಡ ಹೆಂಡತಿ ಒಂದೇ ಆಸ್ಪತ್ರೆಯಲ್ಲಿ ಇರುವಂತಿಲ್ಲ ಎಂಬ ನಿಯಮದಿಂದ ಅಲ್ಲಿಯೂ ಬಿಡಬೇಕಾಯಿತು. ಬರ್ಲಿನ್ನಿಗೆ ಮರಳಿ ಮೂತ್ರರೋಗಗಳ ಶಸ್ತ್ರಚಿಕಿತ್ಸೆ ಕಲಿತ. ಹೃದಯದ ಬಾಬತ್ತು ಅಲ್ಲಿಗೆ ಮುಗಿಯಿತು.

ಆದರೆ ಬರಹ ಮುಗಿದಿರಲಿಲ್ಲ. ಅದು ಗಡಿ ದಾಟಿ ಹೋಗಿತ್ತು. ಎರಡು ಭಾಷೆಯ ನಡುವೆ ಬದುಕುವ ನಮಗೆ ಇದು ಹೊಸದಲ್ಲ, ಒಂದು ಕಡೆ ಕೇಳದ ಮಾತನ್ನು ಇನ್ನೊಂದು ಕಡೆಯವರು ಕೇಳಿಸಿಕೊಳ್ಳುತ್ತಾರೆ. ಮೊದಲು ಕೈಗೆತ್ತಿಕೊಂಡವರು ಪ್ರಾಗ್ ನಗರದ ಓಟ್ಟೊ ಕ್ಲೈನ್. 1930ರಲ್ಲೇ ಫೋರ್ಸ್‌ಮನ್ ದಾರಿಯಲ್ಲಿ 11 ರೋಗಿಗಳ ಹೃದಯದ ಬಲಭಾಗದಿಂದ ರಕ್ತ ತೆಗೆದು, ಹೃದಯ ನಿಮಿಷಕ್ಕೆ ಎಷ್ಟು ರಕ್ತ ದಬ್ಬುತ್ತದೆ ಎಂದು ಲೆಕ್ಕ ಹಾಕಿ ಪ್ರಕಟಿಸಿದರು. ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಎಗಾಸ್ ಮೋನಿಜ್ ಮತ್ತು ಜೊತೆಗಾರರು 1931ರಲ್ಲಿ ಇದೇ ಬಗೆಯಲ್ಲಿ ಶ್ವಾಸಕೋಶದ ರಕ್ತನಾಳಗಳ ಚಿತ್ರ ತೆಗೆದರು. ಕ್ಲೈನ್ ಯಹೂದಿ. 1939ರಲ್ಲಿ ಹಿಟ್ಲರನ ಸೈನ್ಯ ಪ್ರಾಗ್‌ಗೆ ನುಗ್ಗಿದ ಮೇಲೆ ಅವರು ಅರ್ಜೆಂಟೀನಾಕ್ಕೆ ಹೋಗಿ ಬದುಕಬೇಕಾಯಿತು.

ಇದನ್ನು ಹೇಳುವಾಗ ಇನ್ನೊಂದನ್ನು ಮುಚ್ಚಿಡುವಂತಿಲ್ಲ. ಫೋರ್ಸ್‌ಮನ್ 1932ರಲ್ಲೇ ನಾಜಿ ಪಕ್ಷಕ್ಕೆ ಸೇರಿ 1945ರವರೆಗೂ ಸದಸ್ಯನಾಗಿದ್ದ. ಬಲವಂತ ಶುರುವಾಗುವ ಮೊದಲೇ, ಹಿಟ್ಲರ್ ಗದ್ದುಗೆಗೆ ಬರುವ ಮೊದಲೇ ಸೇರಿದವನು. ತನಗೆ ಕಲಿಸಿದ ಕ್ಲೆಂಪೆರರ್ ಬರ್ಲಿನ್ನಿನ ಮೋವಾಬಿಟ್ ಆಸ್ಪತ್ರೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. 1933ರಲ್ಲಿ ಆ ಆಸ್ಪತ್ರೆಯ ಯಹೂದಿ ವೈದ್ಯರನ್ನೆಲ್ಲ ಹೊರದಬ್ಬಿದರು, ಕ್ಲೆಂಪೆರರ್ ಕಡೆಗೆ ಅಮೆರಿಕಾ ಸೇರಿದರು. ಅದೇ ಆಸ್ಪತ್ರೆಗೆ ರಾಬರ್ಟ್ ಕಾಖ್ ಹೆಸರಿಟ್ಟ ಮೇಲೆ ಫೋರ್ಸ್‌ಮನ್ ಅಲ್ಲಿ ಶಸ್ತ್ರಚಿಕಿತ್ಸೆಯ ವಿಭಾಗದಲ್ಲಿ ಕೆಲಸಕ್ಕೆ ಬಂದ. ಮನುಷ್ಯರ ಮೇಲೆ ಪ್ರಯೋಗ ಮಾಡುವ ಅವಕಾಶ ಒದಗಿಸುತ್ತೇವೆ ಎಂದು ನಾಜಿ ವೈದ್ಯರೊಬ್ಬರು ಕರೆದಾಗ ತಾನು ನಿರಾಕರಿಸಿದೆ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದು ಆತನ ಪರವಾಗಿ ಆತನೇ ಹೇಳಿದ ಸಾಕ್ಷಿ. ತನ್ನ ಮೈಯನ್ನು ಮೊದಲು ಒಡ್ಡಿದವನು ಎಂಬುದಂತೂ ನಿಜ. ತನ್ನ ಬರಹವನ್ನು ಮೊದಲು ಗೌರವಿಸಿದ ಕ್ಲೈನ್ ಅಂಥವರನ್ನು ಊರು ಬಿಡಿಸಿದ ಪಕ್ಷದ ಚೀಟಿ ಆತನ ಜೇಬಿನಲ್ಲಿತ್ತು ಎಂಬುದೂ ನಿಜ. ಒಂದನ್ನು ಇನ್ನೊಂದರಿಂದ ಕಳೆದು ಲೆಕ್ಕ ಚುಕ್ತಾ ಮಾಡಲು ನನಗೆ ಬಾರದು.

ಎರಡನೇ ಮಹಾಯುದ್ಧದಲ್ಲಿ ಸೈನ್ಯದ ವೈದ್ಯನಾಗಿ ಹೋಗಿ ಮೇಜರ್ ದರ್ಜೆಗೆ ಏರಿದ. ಕೊನೆಗೆ ಅಮೆರಿಕನ್ನರಿಗೆ ಸೆರೆಸಿಕ್ಕಿ 1945ರಲ್ಲಿ ಬಿಡುಗಡೆಯಾಯಿತು.

ಆತ ಯುದ್ಧದಲ್ಲಿದ್ದಾಗಲೇ ಕಡಲಾಚೆ ನ್ಯೂಯಾರ್ಕಿನಲ್ಲಿ ಆತನ ಲೇಖನ ಮತ್ತೆ ಹುಟ್ಟಿತು. ಬೆಲ್‌ವ್ಯೂ ಎಂಬ ಬಡವರ ಆಸ್ಪತ್ರೆಯಲ್ಲಿ ಆಂದ್ರೆ ಕೂರ್ನಾನ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಎಂಬ ಇಬ್ಬರು ವೈದ್ಯರು. ಕೂರ್ನಾನ್ ಪ್ಯಾರಿಸ್ಸಿನಲ್ಲಿ ಹುಟ್ಟಿ ಅಮೆರಿಕಾಕ್ಕೆ ಹೋದವರು. ಇವರಿಗೆ ಬೇಕಾಗಿದ್ದದ್ದೂ ಕ್ಲೈನ್ ಲೆಕ್ಕವೇ. ಆ ಲೆಕ್ಕದ ಸೂತ್ರವನ್ನು ಆಡೋಲ್ಫ್ ಫಿಕ್ ಎಂಬಾತ 1870ರಲ್ಲೇ ಹೇಳಿದ್ದ. ನಮ್ಮ ಮಂಡಿ ವ್ಯಾಪಾರಸ್ಥರಿಗೆ ಅದು ತಟ್ಟನೆ ತಿಳಿಯುತ್ತದೆ. ಗೋದಾಮಿನಿಂದ ಇವತ್ತು 250 ಚೀಲ ಕಡ್ಲೆಕಾಯಿ ಹೋಗಿದೆ, ಒಂದೊಂದು ಗಾಡಿ 50 ಚೀಲ ಹೇರಿಕೊಂಡು ಹೋಗಿದೆ ಎಂದರೆ ಗಾಡಿ ಎಷ್ಟು ಬಂದವು? ಐದು. ಗಾಡಿಯನ್ನು ಕಣ್ಣಿಂದ ಎಣಿಸಬೇಕಿಲ್ಲ. ಹಾಗೆಯೇ ಮನುಷ್ಯ ನಿಮಿಷಕ್ಕೆ 250 ಮಿಲಿಲೀಟರ್ ಆಮ್ಲಜನಕ ಉಸಿರಿನಿಂದ ಎಳೆದುಕೊಂಡು, ಒಂದೊಂದು ಲೀಟರ್ ರಕ್ತ ಶ್ವಾಸಕೋಶದಲ್ಲಿ 50 ಮಿಲಿಲೀಟರ್ ಹೊತ್ತುಕೊಂಡರೆ, ಹೃದಯ ನಿಮಿಷಕ್ಕೆ 5 ಲೀಟರ್ ರಕ್ತ ದಬ್ಬುತ್ತಿದೆ ಎಂದರ್ಥ. ಆದರೆ ಒಂದು ಲೀಟರ್ ಎಷ್ಟು ಹೊತ್ತುಕೊಂಡಿತು ಎಂದು ತಿಳಿಯಲು, ಶ್ವಾಸಕೋಶಕ್ಕೆ ಹೋಗುವ ಮೊದಲು ರಕ್ತದಲ್ಲಿ ಎಷ್ಟಿತ್ತು ಎಂದು ಗೊತ್ತಾಗಬೇಕು, ಅಂದರೆ ಖಾಲಿ ಗಾಡಿಯ ತೂಕ ಬೇಕು. ಆ ರಕ್ತ ಇಡೀ ಮೈಯಿಂದ ಬಂದು ಬೆರೆಯುವುದು ಹೃದಯದ ಬಲಭಾಗದಲ್ಲಿ. ಅಲ್ಲಿಗೆ ಹೋಗುವ ದಾರಿಯನ್ನೇ ಫೋರ್ಸ್‌ಮನ್ ತೋರಿಸಿದ್ದು.

ಇವರಿಬ್ಬರು ಅವಸರ ಮಾಡಲಿಲ್ಲ. 1936ರಿಂದ ಪ್ರಾಣಿಗಳ ಮೇಲೆ ವರ್ಷಗಟ್ಟಲೆ ಮಾಡಿ, 1941ರಲ್ಲಿ ಮನುಷ್ಯರ ಮೇಲಿನ ಫಲಿತಾಂಶ ಪ್ರಕಟಿಸಿದರು. ಯುದ್ಧಕಾಲದಲ್ಲಿ ಗಾಯಗೊಂಡು ರಕ್ತ ಸೋರಿ ಕುಸಿದವರ ಹೃದಯದೊಳಗೆ ಏನಾಗುತ್ತದೆ ಎಂದು ಈ ನಳಿಕೆಯಿಂದಲೇ ಅಳೆದು ತಿಳಿದರು. ಫೋರ್ಸ್‌ಮನ್‌ಗೆ ಒಂದು ದಿನದ ಧೈರ್ಯ ಇತ್ತು, ಇವರಿಗೆ ಹತ್ತು ವರ್ಷದ ತಾಳ್ಮೆ. ಎರಡರಲ್ಲಿ ಒಂದಿಲ್ಲದಿದ್ದರೂ ಇಂದು ಆಸ್ಪತ್ರೆಗಳಲ್ಲಿ ಕ್ಯಾಥ್‌ಲ್ಯಾಬ್ ಎಂಬ ಕೋಣೆ ಇರುತ್ತಿರಲಿಲ್ಲ.

ಯುದ್ಧ ಮುಗಿದ ಜರ್ಮನಿಯಲ್ಲಿ ಫೋರ್ಸ್‌ಮನ್ ಸ್ಥಿತಿ ಏನು? ಸ್ವಲ್ಪ ಕಾಲ ಮರ ಕಡಿಯುವ ಕೂಲಿ. ಆಮೇಲೆ ಹೆಂಡತಿಯ ಜೊತೆ ಬ್ಲ್ಯಾಕ್ ಫಾರೆಸ್ಟ್ ಎಂಬ ಕಾಡುಸೀಮೆಯ ಹಳ್ಳಿಯಲ್ಲಿ ವೈದ್ಯವೃತ್ತಿ. ಆರು ಮಕ್ಕಳು, ಐದು ಗಂಡು ಒಂದು ಹೆಣ್ಣು. 1950ರಿಂದ ಬಾಡ್ ಕ್ರಾಯ್ಟ್ಸ್‌ನಾಖ್ ಊರಿನಲ್ಲಿ ಮೂತ್ರರೋಗ ತಜ್ಞ. 1954ರಲ್ಲಿ ಬರ್ಲಿನ್ನಿನ ವಿಜ್ಞಾನ ಅಕಾಡೆಮಿ ಲೈಬ್ನಿಟ್ಸ್ ಪದಕ ಕೊಟ್ಟಿತು. 1956ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮಿನಿಂದ ಸುದ್ದಿ ಬಂತು. ಆ ವರ್ಷದ ವೈದ್ಯಕೀಯ ನೊಬೆಲ್ ಬಹುಮಾನ ಕೂರ್ನಾನ್, ರಿಚರ್ಡ್ಸ್, ಫೋರ್ಸ್‌ಮನ್ ಮೂವರಿಗೆ. ಕ್ಲೈನ್ ಹೆಸರು ಅದರಲ್ಲಿ ಇರಲಿಲ್ಲ.

ನೊಬೆಲ್ ಬಂದ ಮೇಲೂ ಆತ ಹೃದಯದ ಸಂಶೋಧನೆಗೆ ಮರಳಲಿಲ್ಲ. ಆ ವಿದ್ಯೆ ಆತನನ್ನು ಬಿಟ್ಟು ಬಾಳ ದೂರ ಹೋಗಿಬಿಟ್ಟಿತ್ತು. 1958ರಲ್ಲಿ ಡುಸೆಲ್‌ಡಾರ್ಫ್ ನಗರದ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಮುಖ್ಯಸ್ಥನಾದ. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕಾದ ಕ್ಲೀವ್‌ಲ್ಯಾಂಡಿನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯ ಒಬ್ಬ ರೋಗಿಯ ಹೃದಯದ ಚಿತ್ರ ತೆಗೆಯುತ್ತಿದ್ದಾಗ ನಳಿಕೆಯ ತುದಿ ಜಾರಿ, ಹೃದಯಕ್ಕೇ ರಕ್ತ ಕೊಡುವ ಸಣ್ಣ ನಾಳದೊಳಗೆ ಹೊಕ್ಕಿತು. ಅಯೋಡಿನ್ ದ್ರವವೂ ಅದರೊಳಗೇ ನುಗ್ಗಿತು. ಹೃದಯ ಕೆಲವು ಕ್ಷಣ ನಿಂತೇಬಿಟ್ಟಿತು, ಕೆಮ್ಮು ಎಂದು ರೋಗಿಗೆ ಕೂಗಿ ಹೇಳಿ ಕೆಮ್ಮಿಸಿದ ಮೇಲೆ ಮತ್ತೆ ಬಡಿಯಿತು. ಆ ನಾಳಕ್ಕೆ ದ್ರವ ಬಿಟ್ಟರೆ ಸಾವೇ ಗತಿ ಎಂದು ಎಲ್ಲರೂ ನಂಬಿದ್ದ ಕಾಲ. ರೋಗಿ ಬದುಕಿದ್ದನ್ನು ನೋಡಿ ಸೋನ್ಸ್ ಬೇಕಂತಲೇ, ಕಡಿಮೆ ಪ್ರಮಾಣದಲ್ಲಿ ಹಾಗೆ ಮಾಡಲು ಶುರು ಮಾಡಿದ. ಈಗ ನಮ್ಮವರಿಗೆ ಮಾಡುವ ಆಂಜಿಯೋಗ್ರಾಂ ಇದೇ. ಫೋರ್ಸ್‌ಮನ್ ಹೋದದ್ದು ಹೃದಯಕ್ಕೆ ಮರಳುವ ರಕ್ತದ ನಾಳದಿಂದ ಬಲಭಾಗಕ್ಕೆ. ಈಗಿನದು ಹೃದಯದಿಂದ ಹೊರಡುವ ರಕ್ತದ ನಾಳದಲ್ಲಿ ಎದುರೀಜಾಗಿ ಹೋಗುವುದು. ದಾರಿ ಬೇರೆ, ನಳಿಕೆ ಮತ್ತು ಎಕ್ಸ್‌ರೇ ಅವೇ. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ಜರ್ಮನ್ ವೈದ್ಯ ನಳಿಕೆಯ ತುದಿಗೆ ಪುಟ್ಟ ಬಲೂನು ಕಟ್ಟಿ, ಕಟ್ಟಿಕೊಂಡ ನಾಳವನ್ನು ಒಳಗಿಂದಲೇ ಅಗಲಿಸಿದ. ಆಗ ಫೋರ್ಸ್‌ಮನ್ ಇನ್ನೂ ಬದುಕಿದ್ದ.

1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಶಬ್ದದ ಅಲೆಗಳಿಂದ ಹೃದಯ ನೋಡುವ ಎಕೋ ವಿಧಾನ ಶುರು ಮಾಡಿದ ಮೇಲೆ, ಎಷ್ಟೋ ವಿಷಯಗಳಿಗೆ ನಳಿಕೆ ಹಾಕುವ ಅಗತ್ಯವೂ ಕಡಿಮೆಯಾಗುತ್ತ ಬಂತು. ಎಕೋ ಆಗಿದೆಯಾ ಅಂತ ಡಾಕ್ಟರು ಮೊದಲು ಕೇಳುವುದು ಅದಕ್ಕೇ. ಆದರೆ ನಾಳ ಎಲ್ಲಿ ಕಟ್ಟಿದೆ ಅಂತ ಕಂಡು, ಅಲ್ಲೇ ಬಿಡಿಸಿ, ಸ್ಟೆಂಟ್ ಇಡಲು ಈಗಲೂ ನಳಿಕೆಯೇ ಬೇಕು.

ಫೋರ್ಸ್‌ಮನ್ ತೀರಿಕೊಂಡದ್ದು 1979ರ ಜೂನ್ 1ರಂದು, ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಷಾಪ್‌ಹೈಮ್ ಊರಲ್ಲಿ, ಹೃದಯದ ಕಾಯಿಲೆಯಿಂದಲೇ. ಮಕ್ಕಳಲ್ಲಿ ವೋಲ್ಫ್ ಗೇಯಾರ್ಗ್ ಹೃದಯವೇ ತಯಾರಿಸುವ ಹಾರ್ಮೋನುಗಳ ಸಂಶೋಧಕನಾದ. ಇನ್ನೊಬ್ಬ ಮಗ ಬೆರ್ಂಡ್ ಭೌತವಿಜ್ಞಾನಿ, ಮೂತ್ರಪಿಂಡದ ಕಲ್ಲನ್ನು ಕೊಯ್ಯದೆ ಹೊರಗಿನಿಂದಲೇ ಅಲೆಗಳಿಂದ ಪುಡಿ ಮಾಡುವ ಯಂತ್ರ ತಯಾರಿಸಿದವರ ಜೊತೆಯಲ್ಲಿದ್ದ. ನಮ್ಮ ಬಯಲುಸೀಮೆಯ ಗಡಸು ನೀರು ಕುಡಿಯುವ ಜನಕ್ಕೆ ಆ ಯಂತ್ರದ ಪರಿಚಯ ಹೇಳಬೇಕಿಲ್ಲ.

ಆತನ ಲೇಖನ ಅಚ್ಚು ಹಾಕಿದ ವಾರಪತ್ರಿಕೆ 1990ರ ದಶಕದಲ್ಲಿ ಹೆಸರು ಬದಲಿಸಿಕೊಂಡು ಇಂಗ್ಲಿಷಿನ ಪತ್ರಿಕೆಯಾಯಿತು. ಎಬರ್ಸ್‌ವಾಲ್ಡೆಯ ಆಸ್ಪತ್ರೆಗೆ ಈಗ ವರ್ನರ್ ಫೋರ್ಸ್‌ಮನ್ ಹೆಸರಿದೆ. ಆ ಎಕ್ಸ್‌ರೇ ಚಿತ್ರವನ್ನು ಹೃದ್ರೋಗದ ಪುಸ್ತಕಗಳಲ್ಲಿ ಇವತ್ತಿಗೂ ಅಚ್ಚು ಹಾಕುತ್ತಾರೆ, ಎಡತೋಳಿನಿಂದ ಹೊರಟು ಎದೆಯೊಳಗೆ ಬಾಗಿ ಇಳಿದ ಒಂದು ಗೆರೆ.